ಫ್ಯಾಂಡ್ರಿ ಅಂದ್ರೆ ಹಂದಿ

ವಿಜಯಪುರ ಜಿಲ್ಲೆ ಬಿಟ್ಟು ಪುಣೆಗೆ ಬಂದು ಹದಿನೆಂಟು ವರ್ಷವಾಯಿತು. ಇಲ್ಲಿನ ಗೆಳೆಯನ ಜೊತೆ ಮರಾಠಿ ನಿರ್ದೇಶಕ ನಾಗರಾಜ್ ಮಂಜುಳೆ ಅವರ ಸಿನಿಮಾ 'ಫ್ಯಾಂಡ್ರಿ' ನೋಡಿದ ದಿನ ಇನ್ನೂ ನೆನಪಿದೆ. ಮಹಾರಾಷ್ಟ್ರದ ಕೈಕಾಡಿ ಸಮುದಾಯದ ಮಾತಿನಲ್ಲಿ ಫ್ಯಾಂಡ್ರಿ ಅಂದ್ರೆ ಹಂದಿ ಅಂತ ಅವನು ಹೇಳಿದ. ಕೈಕಾಡಿ ತಮಿಳಿನ ಬಳಗದ ನುಡಿ. ತಮಿಳಿನಲ್ಲಿ ಪನ್ರಿ, ಹಳಗನ್ನಡದಲ್ಲಿ ಪಂದಿ. ಮರಾಠಿ ಸಿನಿಮಾದ ಹೆಸರು ನಮ್ಮ ಮಾತಿಗೆ ನೆಂಟನಾಗಿತ್ತು!

ಮಂಜುಳೆ ಸೋಲಾಪುರ ಜಿಲ್ಲೆ ಕರ್ಮಾಳಾ ತಾಲೂಕಿನ ಜೇವೂರದವರು. ವಡ್ಡರ ಸಮುದಾಯದವರು. ಕಲ್ಲು ಒಡೆದು ಬದುಕಿದ ಈ ಜನ ನಮ್ಮ ಕಡೆಯೂ ಇದ್ದಾರೆ, ಭೋವಿ ಅಂತಲೂ ಕರೆಯುತ್ತೇವೆ. ಮಂಜುಳೆ ಮೊದಲು ಕವಿ. ಪುಣೆಯಲ್ಲಿ ಮರಾಠಿ ಎಂ.ಎ. ಮಾಡಿದರು. ಆಮೇಲೆ ಅಹ್ಮದ್‌ನಗರದಲ್ಲಿ ಓದುವಾಗ ಮಾಡಿದ ಕಿರುಚಿತ್ರ 'ಪಿಸ್ತುಲ್ಯಾ'ಕ್ಕೆ ರಾಷ್ಟ್ರಪ್ರಶಸ್ತಿ ಬಂತು.

'ಫ್ಯಾಂಡ್ರಿ'ಯ ಒಂದು ದೃಶ್ಯ ನನ್ನನ್ನು ಬಿಟ್ಟಿಲ್ಲ. ಕೈಕಾಡಿ ಹುಡುಗ ಜಬ್ಯಾ, ಅವನ ಮನೆಯವರು ಊರೆಲ್ಲ ನೋಡುತ್ತಿರುವಾಗ ಹಂದಿ ಹಿಡಿಯುತ್ತಿದ್ದಾರೆ. ಇನ್ನೇನು ಸಿಕ್ಕಿತು ಅನ್ನುವಾಗ ಶಾಲೆಯಿಂದ ಜನಗಣಮನ ಕೇಳಿಸುತ್ತದೆ. ಎಲ್ಲರೂ ನಿಂತಲ್ಲೇ ನಿಲ್ಲುತ್ತಾರೆ. ಹಂದಿಗೆ ರಾಷ್ಟ್ರಗೀತೆ ಗೊತ್ತಾ? ಅದು ಓಡುತ್ತದೆ. ಕೊನೆಗೆ ಸತ್ತ ಹಂದಿಯನ್ನು ಕೋಲಿಗೆ ಕಟ್ಟಿ ಹೊತ್ತು ಹೋಗುವಾಗ ಹಿಂದೆ ಶಾಲೆಯ ಗೋಡೆ, ಗೋಡೆಯ ಮೇಲೆ ಅಂಬೇಡ್ಕರ್, ಸಾವಿತ್ರಿಬಾಯಿ ಫುಲೆ. ಯಾರೂ ಒಂದು ಮಾತು ಆಡುವುದಿಲ್ಲ. ನನಗೆ ಗಂಟಲು ಕಟ್ಟಿತು. ಇಂಥ ಗೋಡೆಗಳ ಪಕ್ಕದಲ್ಲೇ ನಾನೂ ಶಾಲೆಗೆ ಹೋಗಿದ್ದೆ. ಗೋಡೆ ನೋಡಿದ್ದೆ, ಮುಂದೆ ಹಾದುಹೋಗುವವರನ್ನು ನೋಡಿರಲಿಲ್ಲ.

2016ರಲ್ಲಿ ಮಂಜುಳೆ ಅವರದೇ 'ಸೈರಾಟ್' ಬಂತು, ಜಾತಿ ಮೀರಿ ಪ್ರೀತಿಸಿದ ಇಬ್ಬರ ಕಥೆ. ಥಿಯೇಟರಿನಲ್ಲಿ ಜನ ಎದ್ದು ಕುಣಿದರು. ಕೊನೆಯಲ್ಲಿ ಅಪ್ಪ ಅಮ್ಮ ಕೊಲೆಯಾದ ಮನೆಯಿಂದ ಅವರ ಪುಟ್ಟ ಮಗುವಿನ ರಕ್ತದ ಹೆಜ್ಜೆ ಬಂದಾಗ ಅದೇ ಜನ ಉಸಿರು ಬಿಡದೆ ಕೂತರು. ನಾಯಕಿ ರಿಂಕು ರಾಜಗುರು ಅಕ್ಲೂಜಿನ ಶಾಲೆ ಹುಡುಗಿ. ಆರ್ಚಿಯಾಗಿ ಟ್ರ್ಯಾಕ್ಟರ್ ಓಡಿಸುತ್ತಾಳೆ, ಬುಲೆಟ್ ಓಡಿಸುತ್ತಾಳೆ. ಆಡುವುದು ಸೋಲಾಪುರ ಸೀಮೆಯ ಒರಟು ಮರಾಠಿ. ಪುಣೆಯ ಮರಾಠಿಯೇ ಶುದ್ಧ ಅನ್ನುವವರು ಇಲ್ಲಿ ಜಾಸ್ತಿ. ಆದರೂ ನಮ್ಮ ಆಫೀಸಿನ ಹುಡುಗರು ವಾರಗಟ್ಟಲೆ ಆರ್ಚಿಯ ಹಾಗೆ ಮಾತಾಡಿದರು. ನಗಲಿಕ್ಕಲ್ಲ, ಇಷ್ಟಪಟ್ಟು.

ಅಲ್ಲೇ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ನನ್ನೂರಿನ ಮಾತು ಕನ್ನಡ ಸಿನಿಮಾದಲ್ಲಿ ಎಲ್ಲಿ ಬರುತ್ತದೆ? ಹೆಚ್ಚಾಗಿ ನಗಿಸುವ ಪಾತ್ರದ ಬಾಯಲ್ಲಿ. ನಾಯಕನಿಗೆ ಸಿಟ್ಟು ಬಂದರೆ, ಪ್ರೀತಿ ಬಂದರೆ, ಆಡುವುದು ಬೆಂಗಳೂರು ಮೈಸೂರಿನ ಕನ್ನಡ. ನಮಗೆ ಆಗುವುದೇ ಇಲ್ಲ ಅಂತಲ್ಲ. ಅದೇ 2016ರಲ್ಲಿ ರಾಮ್ ರೆಡ್ಡಿ ಅವರ 'ತಿಥಿ' ಬಂತು. ಮಂಡ್ಯದ ಹಳ್ಳಿಯವರೇ ನಟಿಸಿದರು, ಅವರದೇ ಮಾತು ಆಡಿದರು. ಎಷ್ಟು ಚೆನ್ನಾಗಿತ್ತು, ಅಲ್ವಾ? ಮುಂದಿನ ವರ್ಷ 'ಸೈರಾಟ್' ಕನ್ನಡಕ್ಕೆ 'ಮನಸು ಮಲ್ಲಿಗೆ'ಯಾಗಿ ಬಂತು. ರಿಂಕು ಅವರೇ ನಾಯಕಿ, ಅಜಯ್-ಅತುಲ್ ಅವರದೇ ಸಂಗೀತ. ಕಥೆ ತಂದೆವು, ರಾಗ ತಂದೆವು. ಆದರೆ ಮಂಜುಳೆ ಸುಮ್ನೆ ಕಥೆ ಹೇಳಿದವರಲ್ಲ. ತಾವು ಬೆಳೆದ ತಾಲೂಕಿನ ಬಾವಿ, ಕಬ್ಬಿನ ಹೊಲ, ಜಾತಿಯ ಗೆರೆ ಎಲ್ಲವನ್ನೂ ಒಳಗಿನಿಂದ ಬಲ್ಲವರು. ಅದನ್ನು ಹಕ್ಕು ಕೊಂಡು ತರಲು ಆಗುವುದಿಲ್ಲ. ನಮ್ಮ ಜಿಲ್ಲೆಯ ಇಂಡಿಯಲ್ಲೋ ಸಿಂದಗಿಯಲ್ಲೋ ಬೆಳೆದ ಒಬ್ಬರ ಕೈಗೆ ಕ್ಯಾಮೆರಾ ಸಿಗಬೇಕು, ಅವರನ್ನು ನಂಬಿ ಹಣ ಹಾಕುವವರು ಬೇಕು.

ಹೋದ ದೀಪಾವಳಿಗೆ ಊರಿಗೆ ಹೋದಾಗ ನಮ್ಮ ಅಕ್ಕನ ಮಗಳು ಫೋನಿನಲ್ಲಿ 'ಸೈರಾಟ್' ನೋಡುತ್ತಿದ್ದಳು, ಮರಾಠಿಯಲ್ಲೇ. "ಮಾಮಾ, ಈಕಿ ನಮ್ಮಂಗs ಮಾತಾಡ್ತಾಳ ನೋಡ" ಅಂದಳು.