ಚಂಬಲ್‌ಗೆ ಹೋದರೆ ದೋಣಿಯಿಂದ ಇಳಿಯಬೇಡಿ

ಯುಗಾದಿ ಮುಗಿಸಿಕೊಂಡು ಗ್ವಾಲಿಯರ್‌ಗೆ ಹೋಗಿದ್ದೆವು. ತಂಗಿಯ ಗಂಡನಿಗೆ ಅಲ್ಲಿಗೆ ವರ್ಗ ಆಗಿದೆ. ಒಂದು ದಿನ ಬೆಳಗ್ಗೆ ಬೇಗ ಎದ್ದು, ಮೊರೆನಾ ದಾಟಿ, ಚಂಬಲ್ ನದಿಯ ರಾಜಘಾಟ್‌ಗೆ ಹೋದೆವು. ನಮ್ಮ ಬೆಂಗಳೂರಲ್ಲಿ ಹಾದುಹೋಗುವ 44ನೇ ಹೆದ್ದಾರಿಯೇ ಅಲ್ಲೂ ನದಿ ದಾಟುತ್ತದೆ. ಸೇತುವೆ ಕೆಳಗೆ ದೋಣಿ ಹತ್ತಿದಾಗ ತಲೆ ಮೇಲೆ ಬರೀ ಲಾರಿ ಸದ್ದು. ಸ್ವಲ್ಪ ದೂರ ಹೋದ ಮೇಲೆ ಅದೂ ಇಲ್ಲ.

ಎಲ್ಲರ ಹಾಗೆ ನಾನೂ ಘರಿಯಲ್ ಅನ್ನೋ ಸಪೂರ ಮೂತಿಯ ಮೊಸಳೆ ನೋಡೋಕೆ ಹೋದವಳು. ಕಂಡವು. ಗಂಡಿನ ಮೂತಿ ತುದಿಯಲ್ಲಿ ಪುಟ್ಟ ಮಡಕೆ ಬೋರಲು ಹಾಕಿದ ಹಾಗೆ ಒಂದು ಉಬ್ಬು. ಹಿಂದಿಯಲ್ಲಿ ಘಡಾ ಅಂದರೆ ಮಡಕೆ, ಹೆಸರು ಬಂದದ್ದು ಅದರಿಂದಲೇ. ಸಪೂರ ಮೂತಿ ಇರೋದು ಮೀನು ಹಿಡಿಯಲಿಕ್ಕೆ. ಮನುಷ್ಯರ ತಂಟೆಗೆ ಬರೋ ಪ್ರಾಣಿಯಲ್ಲ.

ಆದರೆ ಊರಿಗೆ ಬಂದ ಮೇಲೂ ಕಣ್ಣಲ್ಲಿ ಇರೋದು ನಡುನೀರಿನ ಒಂದು ಮರಳ ದಿಬ್ಬ. ಅದರ ಮೇಲೆ ಸ್ಕಿಮ್ಮರ್ ಹಕ್ಕಿಗಳು. ಕಿತ್ತಳೆ ಬಣ್ಣದ ಕೊಕ್ಕು, ಕೆಳಗಿನ ಅರ್ಧ ಮೇಲಿನದಕ್ಕಿಂತ ಉದ್ದ. ಬಾಯಿ ತೆರೆದು ನೀರು ಸೀಳುತ್ತಾ ಹಾರಿ ಮೀನು ಹಿಡಿಯುತ್ತವೆ. ಇವಕ್ಕೆ ಕಟ್ಟಿದ ಗೂಡು ಅಂತ ಇಲ್ಲ. ಮರಳಲ್ಲಿ ಒಂದು ಅಂಗೈಯಷ್ಟು ಗುಳಿ, ಅದರಲ್ಲೇ ಮೊಟ್ಟೆ. ಹತ್ತು ಗಂಟೆಗೇ ಬಿಸಿಲು ಸುಡುತ್ತಿತ್ತು. ಒಂದು ಹಕ್ಕಿ ಎದ್ದು ಬಂತು, ನೀರಿಗೆ ಹೊಟ್ಟೆ ತಾಗಿಸಿತು, ವಾಪಸ್ ಹೋಗಿ ಮೊಟ್ಟೆ ಮೇಲೆ ಕೂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಮೊಟ್ಟೆ ಬೇಯದಿರಲಿ ಅಂತ ಹೊಟ್ಟೆಯಲ್ಲಿ ನೀರು ಹೊತ್ತು ತರೋದು! ನನಗೆ ಗಂಟಲು ಕಟ್ಟಿತು.

ಅಷ್ಟರಲ್ಲಿ ನಮ್ಮ ದೋಣಿಯಲ್ಲಿದ್ದ ಒಬ್ಬರು, ದಿಬ್ಬದ ಹತ್ತಿರ ನಿಲ್ಲಿಸು, ಇಳಿದು ಫೋಟೊ ತೆಗೀತೀನಿ ಅಂದರು. ದೋಣಿಯವನು ಆಗಲ್ಲ ಅಂದ. ಜಾಸ್ತಿ ದುಡ್ಡು ಕೊಡ್ತೀನಿ ಅಂದರೂ ಕೇಳಲಿಲ್ಲ. "ಮೊಟ್ಟೆ ಮರಳಿನ ಬಣ್ಣದಲ್ಲೇ ಇರುತ್ತೆ. ಕಾಲ ಕೆಳಗೆ ಸಿಕ್ಕರೂ ಗೊತ್ತಾಗಲ್ಲ ದೀದಿ," ಅಂತ ನನ್ನ ಕಡೆ ತಿರುಗಿ ಹೇಳಿದ. ಅವರು ವಾಪಸ್ ಬರೋ ತನಕ ಮುಖ ಊದಿಸಿಕೊಂಡು ಕೂತಿದ್ದರು. ನಾನು ಪೂರ್ತಿ ದೋಣಿಯವನ ಕಡೆ.

ಯಾಕೆ ಅಂದರೆ ಆ ನದಿಯ ಬಾಣಂತಿ ಕೋಣೆಯೇ ಮರಳು. ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಹೆಣ್ಣು ಘರಿಯಲ್ ಗುಂಡಿ ತೋಡಿ ಮೊಟ್ಟೆ ಇಡೋದೂ ಅದೇ ದಂಡೆಯಲ್ಲಿ. ಮಳೆಗಾಲದ ನೀರು ಏರುವ ಮೊದಲೇ ಮರಿ ಹೊರಬರಬೇಕು. 2007-08ರ ಚಳಿಗಾಲದಲ್ಲಿ ಈ ನದಿಯಲ್ಲಿ ನೂರಕ್ಕೂ ಹೆಚ್ಚು ಘರಿಯಲ್‌ಗಳು ಸತ್ತವು. ಹಾಗಾಗಿ ಒಂದೊಂದು ಗುಂಡಿಯೂ ಲೆಕ್ಕಕ್ಕೆ ಬರುತ್ತೆ.

ನದಿಯ ಮೇಲ್ಭಾಗದಲ್ಲಿ, ರಾಜಸ್ಥಾನದ ಕೋಟಾದವರೆಗೆ ಸಾಲಾಗಿ ಅಣೆಕಟ್ಟುಗಳಿವೆ. ಬೇಸಿಗೆಯಲ್ಲಿ ನೀರು ಇಳಿದರೆ ದಿಬ್ಬ ದಡಕ್ಕೆ ಸೇರುತ್ತೆ, ನಾಯಿಗಳು ನಡೆದೇ ಹೋಗಿ ಮೊಟ್ಟೆ ತಿನ್ನುತ್ತವೆ. ಇನ್ನು ಮರಳು ದಂಧೆ. ನದಿಯ ಈ ಭಾಗ ಅಭಯಾರಣ್ಯ, ಇಲ್ಲಿ ಮರಳು ತೆಗೆಯುವ ಹಾಗಿಲ್ಲ, ಆದರೂ ನಿಂತಿಲ್ಲ. 2012ರಲ್ಲಿ ಇದೇ ಮೊರೆನಾ ಜಿಲ್ಲೆಯಲ್ಲಿ ಅಕ್ರಮ ಕಲ್ಲು ಸಾಗಿಸುತ್ತಿದ್ದ ಟ್ರಾಕ್ಟರ್ ತಡೆಯೋಕೆ ಹೋದ ಐಪಿಎಸ್ ಅಧಿಕಾರಿ ನರೇಂದ್ರ ಕುಮಾರ್ ಅದರಡಿ ಸಿಕ್ಕಿ ಪ್ರಾಣ ಬಿಟ್ಟರು. ಕಾವೇರಿ, ತುಂಗಭದ್ರಾ ದಂಡೆಯಲ್ಲಿ ರಾತ್ರಿ ಲಾರಿ ಓಡೋದು ನೋಡಿದ ನಮಗೆ ಇದನ್ನ ಬಿಡಿಸಿ ಹೇಳಬೇಕಾ?

ಖಂಡಿತ ಹೋಗಿ ಬನ್ನಿ. ಆ ದೋಣಿಯವರ ಹೊಟ್ಟೆಪಾಡು ನಡೆಯಲಿ. ಆದರೆ ವಸಂತದಲ್ಲಿ ಹೋದರೆ ದಿಬ್ಬದ ಮೇಲೆ ಇಳಿಸು ಅಂತ ಮಾತ್ರ ಕೇಳಬೇಡಿ. ಇನ್ಯಾರಾದರೂ ಕೇಳಿದರೆ ಸುಮ್ನೆ ಕೂರಬೇಡಿ, ದೋಣಿಯವನ ಪರವಾಗಿ ಒಂದು ಮಾತಾಡಿ. ಅವತ್ತು ನಾನು ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಿತ್ತು.

ಸ್ಕಿಮ್ಮರ್ ಹಕ್ಕಿಗಳ ಹತ್ತಿರದ ಫೋಟೊ ಹಾಕು ಅಂತ ಕೆಲವರು ಕೇಳಿದಿರಿ. ನನ್ನ ಹತ್ತಿರ ಇಲ್ಲ. ದೂರದಿಂದ ತೆಗೆದ ಒಂದೇ ಒಂದು ಇದೆ, ಹಾಕಿದ್ದೇನೆ. ಬಿಳಿ ಮರಳ ಮೇಲೆ ಕಪ್ಪು ಚುಕ್ಕೆ ಇಟ್ಟ ಹಾಗೆ ಕಾಣುತ್ತಲ್ವಾ, ಅವೇ.