ಮೇಯರ್ ಯಾರಾಗಬೇಕು ಅನ್ನೋ ಜಗಳ

ಬೆಂಗಳೂರಲ್ಲಿ ಪಾಲಿಕೆ ಚುನಾವಣೆ ಮಾತು ಬಂದರೆ ಸಾಕು, ಮೇಯರ್ ಯಾರಾಗಬೇಕು ಅಂತ ಜಗಳ ಶುರು. ಪಾರ್ಕಿನಲ್ಲಿ, ಟೀ ಅಂಗಡಿಯಲ್ಲಿ, ಅಪಾರ್ಟ್‌ಮೆಂಟ್ ಮೀಟಿಂಗಲ್ಲಿ ಎಲ್ಲಾ ಕಡೆ ಇದೇ. ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಮೇಯರನ್ನು ನಾವು ನೇರವಾಗಿ ಆರಿಸುವುದೇ ಇಲ್ಲ! ನಾವು ಓಟು ಹಾಕುವುದು ನಮ್ಮ ವಾರ್ಡಿನ ಕಾರ್ಪೊರೇಟರ್‌ಗೆ, ಅಲ್ವಾ?

2015ರಲ್ಲಿ ಏನಾಯಿತು ನೆನಪಿದೆಯಾ? 198 ವಾರ್ಡುಗಳಲ್ಲಿ 100 ಗೆದ್ದದ್ದು ಬಿಜೆಪಿ. ಮೇಯರ್ ಪಟ್ಟ ಸಿಕ್ಕಿದ್ದು ಕಾಂಗ್ರೆಸ್‌ಗೆ. ಜೆಡಿಎಸ್, ಪಕ್ಷೇತರರು ಕೈಜೋಡಿಸಿದರು. ಮೇಯರ್ ಆಯ್ಕೆಯಲ್ಲಿ ಕಾರ್ಪೊರೇಟರ್‌ಗಳ ಜೊತೆ ಶಾಸಕರು, ಸಂಸದರ ಓಟೂ ಲೆಕ್ಕಕ್ಕೆ ಬಂತು. ಅದೂ ಆಗ ಮೇಯರ್ ಅವಧಿ ಬರೀ ಒಂದು ವರ್ಷ. ಒಂದು ವರ್ಷದಲ್ಲಿ ಯಾರು ತಾನೇ ಏನು ಮಾಡಲು ಸಾಧ್ಯ?

2020ರ ಸೆಪ್ಟೆಂಬರ್‌ನಲ್ಲಿ ಆ ಕಾರ್ಪೊರೇಟರ್‌ಗಳ ಕೌನ್ಸಿಲ್ ಅವಧಿ ಮುಗಿಯಿತು. ಐದು ವರ್ಷ ಕಳೆದರೂ ಚುನಾವಣೆ ಆಗಲಿಲ್ಲ. 2025ರಲ್ಲಿ ಒಂದು ಪಾಲಿಕೆ ಐದಾಯಿತು. ಅಂದರೆ ಮೇಯರ್ ಕುರ್ಚಿಯೂ ಐದು. ಆದರೂ 'ಬೆಂಗಳೂರಿಗೆ ಯಾರು' ಅಂತಲೇ ವಾದ. ನಿಮ್ಮ ಮನೆ ಯಾವ ಪಾಲಿಕೆ, ಯಾವ ವಾರ್ಡು ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ. ಚರಂಡಿ ಕಟ್ಟಿಕೊಂಡಾಗ, ಕಸದ ಗಾಡಿ ಬಾರದಿದ್ದಾಗ ಯಾರ ಬಾಗಿಲು ತಟ್ಟುತ್ತೀರಿ? ಆ ಕಾರ್ಪೊರೇಟರ್ ಯಾರಾಗಬೇಕು ಅಂತ ಜಗಳ ಆಡಿ, ದಯವಿಟ್ಟು.