ರಬ್ಬರ್ ತುಂಡಿನ ಗೋಳು

ಹಳೇ ರೋಡ್ ಬೈಕಿಗೆ, ಅಂದ್ರೆ ಬಾಗಿದ ಹ್ಯಾಂಡಲ್ಲಿನ ಸೈಕಲ್ಲಿಗೆ, ಚೈನು ಸಿಗುತ್ತೆ, ಟೈರು ಸಿಗುತ್ತೆ, ಬ್ರೇಕ್ ರಬ್ಬರೂ ಸಿಗುತ್ತೆ. ಆದರೆ ಬ್ರೇಕ್ ಲಿವರ್ ಮೇಲಿನ ಹುಡ್ ಅನ್ನೋ ರಬ್ಬರ್ ಹೊದಿಕೆ ಹರೀತೋ, ಅಲ್ಲಿಗೆ ಮುಗೀತು. ಕ್ಯಾಂಪಗ್ನೋಲೋ ಲಿವರ್‌ದು ಒಂದು ಆಕಾರ, ಶಿಮಾನೋದು ಇನ್ನೊಂದು. ಒಂದೇ ಕಂಪನಿಯಲ್ಲೂ ಕೇಬಲ್ ನೆತ್ತಿಯಿಂದ ಹೊರಡೋ ಹಳೇ ಲಿವರ್‌ಗೆ ಬೇರೆ, ಹ್ಯಾಂಡಲ್ಲಿಗೆ ಸುತ್ತಿದ ಟೇಪಿನ ಅಡಿಗೆ ನುಸುಳೋದಕ್ಕೆ ಬೇರೆ. ಹೆಚ್ಚುಕಮ್ಮಿ ಎಲ್ಲಕ್ಕೂ ಕೂರುತ್ತೆ ಅಂತ ಮಾರೋ ಹುಡ್ ಸರಿಯಾಗಿ ಯಾವುದಕ್ಕೂ ಕೂರಲ್ಲ.

'1980ರ ದಶಕದ ಅಸಲಿ ಮಾಲು, ಪ್ಯಾಕೆಟ್ಟೇ ಒಡೆದಿಲ್ಲ' ಅನ್ನೋರ ಕಾಟ ಬೇರೆ. ಅಲ್ಲಾ ಸ್ವಾಮಿ, ಅದು ನೈಸರ್ಗಿಕ ರಬ್ಬರು! ಪ್ಯಾಕೆಟ್ಟಿನೊಳಗಿದ್ದರೂ ವಯಸ್ಸಾಗುತ್ತೆ. ದುಡ್ಡು ಸುರಿದು ತರಿಸಿ, ಲಿವರ್ ಮೂತಿಗೆ ತೂರಿಸಿ ಹಿಂದಕ್ಕೆ ಎಳೆದರೆ, ಕೇಬಲ್ ತೂತಿನ ಹತ್ತಿರ ಹಪ್ಪಳದ ಹಾಗೆ ಪಟ್ ಅನ್ನುತ್ತೆ. ಅದಕ್ಕಂತ ಕೇಬಲ್ ಕಳಚಿದ್ದು, ಟೇಪ್ ಬಿಚ್ಚಿದ್ದು ಎಲ್ಲ ದಂಡ.

ಇನ್ನು ಉಪದೇಶ. 'ಒಂಚೂರು ಕೊಬ್ಬರಿ ಎಣ್ಣೆ ಸವರೋ ಮಾರಾಯ, ಸಲೀಸಾಗಿ ಹೋಗುತ್ತೆ.' ಹೋಗುತ್ತೆ, ಯಾರು ಇಲ್ಲ ಅಂದ್ರು? ಎಣ್ಣೆ ಕುಡಿದ ರಬ್ಬರು ಉಬ್ಬಿ ಮೆತ್ತಗಾಗುತ್ತೆ, ಕೈಯಿಟ್ಟಾಗೆಲ್ಲ ಜಾರುತ್ತೆ. ಬಿಸಿನೀರಲ್ಲಿ ನೆನೆಸಿ, ಒಳಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಸವರಿದರೆ ಸಾಕು. ಜಾರಿಸುವಷ್ಟು ಹೊತ್ತು ಜಾರಿಸಿ ತಾನೇ ಆರಿಹೋಗುತ್ತೆ.

ಕೂತಮೇಲೂ ನೆಮ್ಮದಿಯಿಲ್ಲ. ಕಂದುಬಣ್ಣದ ಗಮ್ (ನೈಸರ್ಗಿಕ ರಬ್ಬರ್) ಹುಡ್‌ಗೆ ಬಿಸಿಲು ಆಗಲ್ಲ, ಅಂಗೈ ಬೆವರೂ ಆಗಲ್ಲ. ಸೈಕಲ್ ಹೊಡೆಯೋದಾದರೂ ಎಲ್ಲಿ, ಬೀರುವಿನೊಳಗಾ?